ರಜೆ, ಹೊಳೆ ಮತ್ತು ಗ್ರಾಮಸಭೆಯ ಕಾಗದ

(ನೇತ್ರಾವತಿ ದಂಡೆಯ ಗ್ರಾಮವೊಂದರ ಜುಮಾ ಮಸೀದಿಯಲ್ಲಿ ಬೇಸಿಗೆ ರಜೆಯ ಮೊದಲ ಶುಕ್ರವಾರ ಖತೀಬರು ಮಾಡಿದ ಪ್ರವಚನದ ಸಂಗ್ರಹ)



ಸರ್ವ ಸ್ತುತಿ ಅಲ್ಲಾಹನಿಗೆ ಮೀಸಲು. ಪ್ರವಾದಿ ಮುಹಮ್ಮದ್(ಸ)ರ ಮೇಲೆ ಅವನ ಶಾಂತಿ ಮತ್ತು ಅನುಗ್ರಹವಿರಲಿ.

ಇವತ್ತು ಮಸೀದಿಯಲ್ಲಿ ಮಕ್ಕಳು ಜಾಸ್ತಿ ಇದ್ದಾರೆ. ಕಾರಣ ಎಲ್ಲರಿಗೂ ಗೊತ್ತು. ಏಪ್ರಿಲ್ 10ಕ್ಕೆ ಶಾಲೆಯ ಬಾಗಿಲು ಮುಚ್ಚಿತು, ಮೇ 29ಕ್ಕೆ ಮತ್ತೆ ತೆರೆಯುತ್ತದೆ. ನಡುವೆ 48 ದಿನ. ಈ 48 ದಿನಗಳಲ್ಲಿ ನಮ್ಮ ಮೊಹಲ್ಲಾದಲ್ಲಿ ಏನೇನು ಇದೆ ಎಂದು ಜಮಾಅತ್ ಕಾರ್ಯದರ್ಶಿಯವರು ಒಂದು ಪಟ್ಟಿ ಮಾಡಿ ಕೊಟ್ಟಿದ್ದಾರೆ. ಮದುವೆಗಳು, ಮನೆ ಒಕ್ಕಲು, ಎರಡು ಕ್ರಿಕೆಟ್ ಪಂದ್ಯಾಟ, ಮದ್ರಸದ ಮಕ್ಕಳ ಶಿಬಿರ, ರಕ್ತದಾನ. ಪಟ್ಟಿಯ ಕೊನೆಗೆ, ಜಾಗ ಸಾಲದ್ದಕ್ಕೆ ಸಣ್ಣ ಅಕ್ಷರದಲ್ಲಿ, ವಾರ್ಡ್ ಸಭೆ ಮತ್ತು ಗ್ರಾಮಸಭೆ.

ಇವತ್ತು ನಾನು ಆ ಪಟ್ಟಿಯನ್ನು ಕೆಳಗಿನಿಂದ ಮೇಲಕ್ಕೆ ಓದುತ್ತೇನೆ. ಯಾಕೆ ಎಂದು ಹೇಳಬೇಕಾದರೆ ನನ್ನದೇ ಒಂದು ತಪ್ಪನ್ನು ಹೇಳಬೇಕಾಗುತ್ತದೆ. ಮೂರು ವರ್ಷ ಅದನ್ನು ಹೇಳದೆ ಕಳೆದೆ. ಮಿಂಬರಿನ ಮೇಲೆ ನಿಂತು ಬೇರೆಯವರ ತಪ್ಪು ಹೇಳುವುದು ಸುಲಭ, ಅಭ್ಯಾಸವೂ ಆಗಿರುತ್ತದೆ.

ಮೂರು ವರ್ಷದ ಹಿಂದೆ, ಮೇ ತಿಂಗಳ ಒಂದು ಗುರುವಾರ. ಅಸರ್ ನಮಾಝ್ ಮುಗಿದಿತ್ತು. ಮದುವೆ ಮನೆಗೆ ಬಂದಿದ್ದ ನೆಂಟರ ಮಕ್ಕಳು ಮತ್ತು ನಮ್ಮ ಮಕ್ಕಳು ಸೇರಿ ಐದು ಮಂದಿ ಹೊಳೆಗೆ ಇಳಿದರು. ನೀವು ನೋಡಿದ ಜಾಗವೇ. ಮೊಣಕಾಲಿನಷ್ಟು ನೀರು, ತಳದ ಮರಳು ಕಾಣುತ್ತದೆ, ದನಗಳು ದಾಟುತ್ತವೆ. ಹತ್ತು ಹೆಜ್ಜೆ ಕೆಳಗೆ ಹೋದರೆ ಮರಳು ತೆಗೆದ ಗುಂಡಿ. ಅದು ಮೇಲಿನಿಂದ ಕಾಣುವುದಿಲ್ಲ. ಒಬ್ಬ ಜಾರಿದ. ಅವನ ದೊಡ್ಡಪ್ಪನ ಮಗ, ಅವನಿಗಿಂತ ಎರಡು ವರ್ಷ ದೊಡ್ಡವನು, ಹಿಡಿಯಲು ಹಾರಿದ. ಅವನಿಗೂ ಈಜು ಬರುತ್ತಿರಲಿಲ್ಲ. ಉಳಿದ ಮೂವರು ಮಕ್ಕಳು ಕೂಗುತ್ತಾ ಗುಡ್ಡೆ ಹತ್ತಿ ಬಂದರು. ದೋಣಿಯ ಅಜ್ಜ ಕೇಳಿ ಓಡಿದರು. ಅವರು ಮುಳುಗಿ ಇಬ್ಬರನ್ನೂ ಎತ್ತಿ ತಂದರು. ಎತ್ತಿ ತರುವ ಹೊತ್ತಿಗೆ ಆಗಬಾರದ್ದು ಆಗಿತ್ತು.

ಮಾರನೆ ದಿನ ಇದೇ ಮಸೀದಿಯಲ್ಲಿ ಜುಮಾ ಮುಗಿದ ಮೇಲೆ ಎರಡು ಜನಾಝ ನಮಾಝ್. ನಾನೇ ನಿಂತಿದ್ದೆ ಮುಂದೆ. ತಕ್ಬೀರ್ ಹೇಳುವಾಗ ನನ್ನ ಸ್ವರ ನಿಂತುಹೋದದ್ದು ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು. ದುಃಖದಿಂದ ಎಂದು ನೀವು ತಿಳಿದಿದ್ದೀರಿ. ದುಃಖವೂ ಇತ್ತು.

ಆ ರಾತ್ರಿ ಮನೆಯಲ್ಲಿ ಕಿತಾಬ್ ತೆರೆದಾಗ ಒಳಗಿನಿಂದ ಒಂದು ಕಾಗದ ಬಿತ್ತು. ಪಂಚಾಯತಿನ ಮುದ್ರೆ ಇದ್ದ ಕಾಗದ. ಗ್ರಾಮಸಭೆಯ ದಿನ, ಗಂಟೆ, ಜಾಗ. ಮಸೀದಿಯಲ್ಲಿ, ದೇವಸ್ಥಾನದಲ್ಲಿ, ಹಾಲಿನ ಡಿಪೋದಲ್ಲಿ ಜನರಿಗೆ ತಿಳಿಸಬೇಕೆಂದು ವಿನಂತಿ. ನಾಲ್ಕು ವಾರ ಹಿಂದೆ ಬಂದದ್ದು. ಆ ಶುಕ್ರವಾರ ಓದಲು ಬೇರೆ ಪ್ರಕಟಣೆಗಳು ಬಹಳ ಇದ್ದವು. ಇದನ್ನು ಮುಂದಿನ ವಾರ ಓದಿದರಾಯಿತು ಎಂದು ಕಿತಾಬಿನೊಳಗೆ ಇಟ್ಟೆ. ಮುಂದಿನ ವಾರಕ್ಕೆ ಮೊದಲೇ ಸಭೆ ಮುಗಿದಿತ್ತು.

ಆ ಸಭೆಯಲ್ಲಿ ಏನಾಯಿತು ಎಂದು ಆಮೇಲೆ ಕೇಳಿ ತಿಳಿದೆ. ಹೊಳೆಗೆ ಬಟ್ಟೆ ಒಗೆಯಲು ಹೋಗುವ ಒಬ್ಬ ಅಕ್ಕ, ನಮ್ಮ ಜಮಾಅತಿನವರಲ್ಲ, ಆಚೆ ದರೆಯ ಮೇಲಿನ ಮನೆಯವರು, ಎದ್ದು ನಿಂತು ಆ ಗುಂಡಿಯ ವಿಷಯ ಹೇಳಿದರಂತೆ. ರಜೆಯಲ್ಲಿ ಮಕ್ಕಳು ಬರುತ್ತಾರೆ, ಒಂದು ಬೋರ್ಡಾದರೂ ಹಾಕಿ, ಅಡ್ಡಕ್ಕೆ ಹಗ್ಗ ಕಟ್ಟಿ ಎಂದರಂತೆ. ಹೊಳೆ ಬದಿಯ ಬೇರೆ ಯಾರಾದರೂ ಹೇಳುವವರಿದ್ದಾರೆಯೇ ಎಂದು ಕೇಳಲಾಯಿತು. ಯಾರೂ ಇರಲಿಲ್ಲ. ಹೊಳೆ ಬದಿಯಲ್ಲಿ ಇರುವುದು ಹೆಚ್ಚು ನಾವೇ. ನಾವು ಯಾರೂ ಹೋಗಿರಲಿಲ್ಲ, ನಮಗೆ ಗೊತ್ತೇ ಇರಲಿಲ್ಲ. ನಡಾವಳಿಯಲ್ಲಿ ಒಂದು ಪದ ಬರೆದರು: ಪರಿಶೀಲಿಸುವುದು.

ಬೋರ್ಡ್ ಹಾಕಿದ್ದರೆ ಮಕ್ಕಳು ಬದುಕುತ್ತಿದ್ದರೇ ಎಂದು ಕೇಳಬೇಡಿ. ಆಯುಷ್ಯ ಅಲ್ಲಾಹನ ಕೈಯಲ್ಲಿ. ಆದರೆ ಒಂಟೆಯನ್ನು ಕಟ್ಟದೆ ಬಿಟ್ಟು ಅಲ್ಲಾಹನ ಮೇಲೆ ಭರವಸೆ ಇಡಲೇ ಎಂದು ಕೇಳಿದವನಿಗೆ ಪ್ರವಾದಿ(ಸ)ರು ಮೊದಲು ಅದನ್ನು ಕಟ್ಟು, ಆಮೇಲೆ ಭರವಸೆ ಇಡು ಎಂದು ಹೇಳಿದ್ದನ್ನು ನಾನೇ ನಿಮಗೆ ಎಷ್ಟು ಸಲ ಕಲಿಸಿಲ್ಲ? ಕಟ್ಟುವ ಹಗ್ಗ ನನ್ನ ಕಿತಾಬಿನೊಳಗೆ ಮಡಚಿಕೊಂಡು ಕುಳಿತಿತ್ತು. ಮಕ್ಕಳ ಎರಡೂ ಮನೆಗಳಿಗೆ ಹೋಗಿ ಈ ವಿಷಯ ಹೇಳಿದ್ದೇನೆ. ಕಳೆದ ತಿಂಗಳು ಹೇಳಿದೆ. ಒಬ್ಬ ತಾಯಿ ಏನೂ ಹೇಳಲಿಲ್ಲ. ಇನ್ನೊಬ್ಬರು, "ಈ ವರ್ಷ ಓದಿ ಉಸ್ತಾದ್ರೇ, ಜೋರಾಗಿ ಓದಿ" ಎಂದರು.

ಓದುತ್ತೇನೆ. ಬರುವ ಬುಧವಾರ ಬೆಳಿಗ್ಗೆ ಹತ್ತೂವರೆಗೆ ಅಂಗನವಾಡಿಯಲ್ಲಿ ನಮ್ಮ ವಾರ್ಡ್ ಸಭೆ. ಅದರ ಮುಂದಿನ ವಾರ ಶಾಲೆಯ ಸಭಾಂಗಣದಲ್ಲಿ ಗ್ರಾಮಸಭೆ. ಬಾಗಿಲಿನ ಬಳಿ ಕಾಗದ ಅಂಟಿಸಿದೆ, ದೊಡ್ಡ ಅಕ್ಷರದಲ್ಲಿ.

ಈಗ ಸ್ವಲ್ಪ ವಿವರ. ನಮ್ಮಲ್ಲಿ ಬಹಳ ಮಂದಿಗೆ ಗ್ರಾಮಸಭೆ ಎಂದರೆ ಪಂಚಾಯತ್ ಸದಸ್ಯರ ಸಭೆ, ನಾವು ಹೋಗಿ ಬಾಗಿಲಲ್ಲಿ ನಿಲ್ಲುವುದು ಎಂಬ ತಿಳುವಳಿಕೆ. ಅದು ಸದಸ್ಯರ ಸಭೆಯಲ್ಲ. ಮತದಾರರ ಪಟ್ಟಿಯಲ್ಲಿ ಹೆಸರಿರುವ ಪ್ರತಿಯೊಬ್ಬರೂ ಗ್ರಾಮಸಭೆಯ ಸದಸ್ಯರು. ಸಂವಿಧಾನದ 73ನೇ ತಿದ್ದುಪಡಿ ಜಾರಿಗೆ ಬಂದದ್ದು 1993ರ ಏಪ್ರಿಲ್ 24ರಂದು. ಅದಕ್ಕೇ ಪ್ರತಿ ವರ್ಷ ಆ ದಿನವನ್ನು ಪಂಚಾಯತ್ ರಾಜ್ ದಿನವೆಂದು ಆಚರಿಸುತ್ತಾರೆ. ನಮ್ಮ ರಾಜ್ಯದ ಪಂಚಾಯತ್ ಕಾನೂನೂ ಅದೇ 1993ರದ್ದು. ಆರು ತಿಂಗಳಿಗೆ ಒಮ್ಮೆಯಾದರೂ ಗ್ರಾಮಸಭೆ ಸೇರಬೇಕು, ಅದಕ್ಕೆ ಮೊದಲು ವಾರ್ಡ್ ಸಭೆ ನಡೆಯಬೇಕು. ಮನೆ ಕಟ್ಟಲು ಸಹಾಯ ಯಾರಿಗೆ, ಯಾವ ರಸ್ತೆ ಮೊದಲು, ಯಾವ ಕೊಳವೆ ಬಾವಿಗೆ ಪಂಪು, ದಾರಿದೀಪ ಎಲ್ಲಿ ಎಂಬ ಪಟ್ಟಿಗಳು ಅಲ್ಲಿಗೆ ಬರುತ್ತವೆ. ಆರೋಗ್ಯ ಇಲಾಖೆಯವರು, ಕೃಷಿಯವರು, ವಿದ್ಯುತ್ತಿನವರು ಬಂದು ಕೂರುತ್ತಾರೆ. ಅವರಲ್ಲಿ ಒಬ್ಬೊಬ್ಬರನ್ನು ಹುಡುಕಿಕೊಂಡು ತಾಲೂಕಿಗೆ ಹೋಗಬೇಕಾದರೆ ಬಸ್ ಚಾರ್ಜೇ ಎಷ್ಟಾಗುತ್ತದೆ ಲೆಕ್ಕ ಹಾಕಿ.

ನಮ್ಮ ಗೊಣಗಾಟ ಏನು? ನಮ್ಮ ಕೆಲಸ ಆಗುವುದಿಲ್ಲ, ನಮ್ಮ ಕಡೆ ನೋಡುವುದಿಲ್ಲ. ಕೆಲವು ಸಲ ನಿಜವೂ ಇರಬಹುದು. ಆದರೆ ಸಹೋದರರೇ, ಅರ್ಜಿ ಕೊಡದವನಿಗೆ ಅನ್ಯಾಯವಾಯಿತು ಎಂದು ಯಾವ ದಾಖಲೆಯಲ್ಲಿ ತೋರಿಸುತ್ತೀರಿ? ಬಾಯಿಮಾತಿನಲ್ಲಿ ಹೇಳಿ ಬರಬೇಡಿ. ಬರೆದು ಕೊಡಿ, ಎರಡು ಪ್ರತಿ ಮಾಡಿ, ಒಂದಕ್ಕೆ ಮುದ್ರೆ ಹಾಕಿಸಿ ದಿನಾಂಕ ಬರೆಸಿಕೊಂಡು ಬನ್ನಿ. ನಡಾವಳಿಯಲ್ಲಿ ನಿಮ್ಮ ಮಾತು ಬರೆದಿದ್ದಾರೆಯೇ ಎಂದು ಓದಿಸಿ ಕೇಳಿ. ಮುಂದಿನ ಸಭೆಯಲ್ಲಿ ಕಳೆದ ಸಭೆಯ ನಿರ್ಣಯ ಏನಾಯಿತು ಎಂದು ಮೊದಲು ಕೇಳಿ. ಪಿಡಿಒ ಅವರ ಮೇಲೆ ಕೂಗಾಡುವುದು ಇದಕ್ಕಿಂತ ಸುಲಭ, ಗೊತ್ತು. ಕೂಗಾಡಿದ ವೀಡಿಯೊ ಸಂಜೆಯೊಳಗೆ ಎಲ್ಲರ ಮೊಬೈಲಿಗೂ ಬರುತ್ತದೆ. ಕೆಲಸ ಮಾತ್ರ ಆಗುವುದಿಲ್ಲ.

ಸತ್ಯವಿಶ್ವಾಸಿಗಳ ವ್ಯವಹಾರಗಳು ಪರಸ್ಪರ ಸಮಾಲೋಚನೆಯಿಂದ ನಡೆಯುತ್ತವೆ ಎಂಬ ಅರ್ಥದ ಮಾತು ಕುರ್‌ಆನಿನಲ್ಲಿದೆ. ಆ ಅಧ್ಯಾಯಕ್ಕೆ ಹೆಸರೇ ಅಶ್ಶೂರಾ, ಸಮಾಲೋಚನೆ. ಜಮಾಅತ್ ಕಮಿಟಿಯ ಚುನಾವಣೆಯ ದಿನ ಈ ಮಾತು ನಮಗೆ ಚೆನ್ನಾಗಿ ನೆನಪಾಗುತ್ತದೆ. ಊರಿನ ಸಭೆಯ ದಿನ ನೆನಪಾಗುವುದಿಲ್ಲ.

ಹದೀಸಿನಲ್ಲಿ ಬರುವ ಹಡಗಿನ ಉಪಮೆ ನೀವು ಕೇಳಿದ್ದೀರಿ. ಬುಖಾರಿಯಲ್ಲಿ ನುಅಮಾನ್ ಬಿನ್ ಬಶೀರ್(ರ)ರ ವರದಿಯಲ್ಲಿದೆ. ಜನರು ಚೀಟಿ ಎತ್ತಿ ಹಡಗಿನಲ್ಲಿ ಜಾಗ ಹಂಚಿಕೊಳ್ಳುತ್ತಾರೆ. ಕೆಲವರಿಗೆ ಮೇಲೆ, ಕೆಲವರಿಗೆ ಕೆಳಗೆ. ಕೆಳಗಿನವರಿಗೆ ನೀರು ಬೇಕಾದರೆ ಮೇಲೆ ಹೋಗಬೇಕು. ಮೇಲಿನವರಿಗೆ ಯಾಕೆ ತೊಂದರೆ, ನಮ್ಮ ಭಾಗದಲ್ಲೇ ಒಂದು ತೂತು ಕೊರೆದುಕೊಳ್ಳೋಣ ಎನ್ನುತ್ತಾರೆ. ಅವರನ್ನು ಅವರ ಪಾಡಿಗೆ ಬಿಟ್ಟರೆ ಎಲ್ಲರೂ ಮುಳುಗುತ್ತಾರೆ. ಕೈ ಹಿಡಿದು ತಡೆದರೆ ಎಲ್ಲರೂ ಉಳಿಯುತ್ತಾರೆ. ಈ ಉಪಮೆಯನ್ನು ನಾನು ಯಾವಾಗಲೂ ಕೆಟ್ಟ ಕೆಲಸ ಮಾಡುವವರನ್ನು ತಡೆಯುವ ವಿಷಯಕ್ಕೆ ಹೇಳುತ್ತಿದ್ದೆ. ಈಗ ನನಗೆ ಅದರಲ್ಲಿ ಇನ್ನೊಂದು ಕಾಣುತ್ತದೆ. ತೂತು ಕೊರೆಯಲು ಹೊರಟವರು ಕೆಟ್ಟವರೇನಲ್ಲ. ಅವರಿಗೆ ಬೇಕಾದದ್ದು ನೀರು. ಮೇಲಿನವರು ಮತ್ತು ಕೆಳಗಿನವರು ಒಮ್ಮೆ ಕುಳಿತು ಮಾತಾಡಿರಲಿಲ್ಲ, ಅಷ್ಟೇ.

ನೀರಿನ ಮಾತು ಬಂತಲ್ಲ. ಗುಡ್ಡದ ಮೇಲಿನ ಮನೆಗಳಿಗೆ ಈಗಲೇ ಎರಡು ದಿನಕ್ಕೊಮ್ಮೆ ನೀರು ಬಿಡುತ್ತಿದ್ದಾರೆ. ಮೇ ಬಂದರೆ ಹೇಗೋ. ಮಂಗಳೂರಿಗೆ ನೀರು ಹೋಗುವುದು ತುಂಬೆಯ ಕಿಂಡಿ ಅಣೆಕಟ್ಟಿನಿಂದ. ಇದೇ ನೇತ್ರಾವತಿ. ಮಳೆಗಾಲದಲ್ಲಿ ಉಪ್ಪಿನಂಗಡಿಯಲ್ಲಿ ಕುಮಾರಧಾರೆ ಸೇರಿದ ಮೇಲೆ ನಮ್ಮ ಹೊಳೆ ಹೇಗೆ ಬರುತ್ತದೆ ಎಂದು ನಿಮಗೆ ಗೊತ್ತು. ಅಂಥ ಹೊಳೆ 2016ರಲ್ಲಿ ಮತ್ತು 2019ರಲ್ಲಿ ಬತ್ತಿ, ಮಂಗಳೂರಿನಲ್ಲಿ ನೀರನ್ನು ದಿನ ಲೆಕ್ಕದಲ್ಲಿ ಹಂಚಬೇಕಾಯಿತು. ನಾಲ್ಕು ತಿಂಗಳು ಅಷ್ಟು ಮಳೆ ಬೀಳುವ ಜಿಲ್ಲೆ ಇದು! ನಮ್ಮ ಹಿರಿಯರು ಮಳೆ ನಿಂತ ಮೇಲೆ ತೋಡಿಗೆ ಕಲ್ಲು, ಮಣ್ಣು, ಮರದ ಗೂಟ ಹಾಕಿ ಕಟ್ಟ ಕಟ್ಟುತ್ತಿದ್ದರು. ಕಟ್ಟದ ದಿನ ಯಾವ ಮನೆಯಿಂದ ಎಷ್ಟು ಆಳು ಎಂದು ಮೊದಲೇ ಮಾತಾಗಿರುತ್ತಿತ್ತು. ಜಾತಿ ಧರ್ಮ ನೋಡಿ ಆಳು ಕಳುಹಿಸಿದರೆ ನೀರು ನಿಲ್ಲುತ್ತಿರಲಿಲ್ಲ. ನೀರು ಕಟ್ಟದ ಹಿಂದೆ ನಿಂತು ಬಾವಿಗಳಿಗೆ ಇಳಿಯುತ್ತಿತ್ತು. ಕೊಳವೆ ಬಾವಿ ಬಂದ ಮೇಲೆ ಕಟ್ಟ ಹೋಯಿತು. ಈ ವರ್ಷ ಕಟ್ಟುವ ಕಾಲ ಕಳೆದಿದೆ. ಮುಂದಿನ ಡಿಸೆಂಬರಿಗೆ ನಮ್ಮ ತೋಡಿನಲ್ಲಿ ಎರಡು ಕಟ್ಟ ಬೇಕು ಎಂದು ಈ ಗ್ರಾಮಸಭೆಯಲ್ಲೇ ಬರೆಸಿದರೆ ಆಗಬಹುದು. ಬರೆಸುವವರು ಬೇಕು.

ಜಲ ಜೀವನ್ ಯೋಜನೆಯಲ್ಲಿ ಒಬ್ಬರಿಗೆ ದಿನಕ್ಕೆ 55 ಲೀಟರ್ ಎಂದು ಲೆಕ್ಕ. ನಾನು ಕಳೆದ ಶುಕ್ರವಾರ ನಮ್ಮ ವುಝೂವಿನ ನಳ್ಳಿಯ ಕೆಳಗೆ ಬಕೆಟ್ ಇಟ್ಟು ಅಳೆದೆ. ನನ್ನದೇ ವುಝೂ, ಬೇರೆಯವರದ್ದಲ್ಲ. ನಳ್ಳಿ ಬಿಟ್ಟುಕೊಂಡು ಮಾಡಿದರೆ ಸುಮಾರು 5 ಲೀಟರ್ ಹೋಯಿತು. ಜುಮಾಕ್ಕೆ ನಾವು 300 ಮಂದಿ ಬರುತ್ತೇವೆ. ಎಲ್ಲರೂ ನನ್ನಂತೆ ಮಾಡಿದರೆ 1500 ಲೀಟರ್. ಮೇಲಿನ ಗುಡ್ಡದ 27 ಮಂದಿಯ ಒಂದು ದಿನದ ನೀರು ಅದು. ಪ್ರವಾದಿ(ಸ)ರು ಒಂದು ಮುದ್ದ್ ನೀರಿನಲ್ಲಿ ವುಝೂ ಮಾಡುತ್ತಿದ್ದರು ಎಂದು ಅನಸ್(ರ) ವರದಿ ಮಾಡಿದ್ದಾರೆ. ಒಂದು ಮುದ್ದ್ ಎಂದರೆ ಒಂದು ಲೀಟರಿಗೂ ಕಡಿಮೆ. ನಿನ್ನೆಯಿಂದ ಹೊರಗೆ ಟ್ಯಾಂಕಿನ ಬಳಿ ಚೊಂಬುಗಳನ್ನು ಇಟ್ಟಿದ್ದೇವೆ. ಮಳೆ ಬರುವವರೆಗೆ ನಳ್ಳಿಗಳ ಸಾಲು ಬಂದ್. ಇವತ್ತು ಕೆಲವರಿಗೆ ಸಿಟ್ಟು ಬಂದಿದೆ ಎಂದು ಕೇಳಿದೆ. ಸಿಟ್ಟು ಬಂದವರು ಚೊಂಬಿನಲ್ಲಿ ಮತ್ತೊಮ್ಮೆ ವುಝೂ ಮಾಡಿದರೆ ಸಿಟ್ಟು ಇಳಿಯುತ್ತದೆ.

ಸಅದ್ ಬಿನ್ ಉಬಾದ(ರ)ರ ತಾಯಿ ತೀರಿಕೊಂಡಾಗ ಯಾವ ದಾನ ಉತ್ತಮ ಎಂದು ಅವರು ಕೇಳಿದರು, ನೀರು ಎಂಬ ಉತ್ತರ ಬಂತು, ಅವರು ತಾಯಿಯ ಹೆಸರಿನಲ್ಲಿ ಬಾವಿ ತೋಡಿಸಿದರು. ಈ ಬೇಸಿಗೆಯಲ್ಲಿ ಮರಣ ಹೊಂದಿದವರ ಹೆಸರಿನಲ್ಲಿ ಊಟ ಹಾಕಿಸುವ ಯೋಚನೆ ಇರುವವರು ಒಂದು ಟ್ಯಾಂಕರ್ ನೀರಿನ ಯೋಚನೆಯನ್ನೂ ಮಾಡಬಹುದು. ನಮ್ಮವರ ಮನೆಗೆ ಮಾತ್ರ ಎಂದು ಹೇಳಬೇಡಿ. ಗುಡ್ಡದ ಮೇಲೆ ಯಾರ ಮನೆ ಮೊದಲು ಸಿಗುತ್ತದೋ ಅಲ್ಲಿಂದ ಶುರು. ಆ ಬಟ್ಟೆ ಒಗೆಯುವ ಅಕ್ಕನ ಮನೆ ಅಲ್ಲೇ ಇದೆ.

ಇನ್ನು ಮಹಿಳೆಯರ ವಿಷಯ. ಮನೆಯಲ್ಲಿ ನೀರು ಬಂತೋ ಇಲ್ಲವೋ ಎಂದು ಗೊತ್ತಿರುವುದು ಯಾರಿಗೆ? ಚರಂಡಿಯ ವಾಸನೆ, ರೇಷನ್ ಅಂಗಡಿಯ ಸಾಲು, ಅಂಗನವಾಡಿಯ ಒಡೆದ ಹೆಂಚು, ಇವೆಲ್ಲ ಗೊತ್ತಿರುವವರು ಮನೆಯಲ್ಲಿದ್ದಾರೆ. ಸಭೆಗೆ ಹೋಗುವುದು, ಹೋದರೆ, ನಾವು. ನಾವು ಅಲ್ಲಿ ರಸ್ತೆಯ ಡಾಮರು ಬಿಟ್ಟು ಬೇರೆ ಮಾತಾಡುವುದಿಲ್ಲ. ನಮ್ಮ ರಾಜ್ಯದ ಪಂಚಾಯತಿಗಳಲ್ಲಿ ಅರ್ಧದಷ್ಟು ಸ್ಥಾನ ಮಹಿಳೆಯರಿಗೆ ಮೀಸಲು. ನಮ್ಮ ವಾರ್ಡಿನ ಸದಸ್ಯೆಯೇ ಸಭೆಯ ಅಧ್ಯಕ್ಷತೆ ವಹಿಸುವಾಗ ನಮ್ಮ ಮನೆಯ ಮಹಿಳೆಯರು ಹೋಗಿ ಕುಳಿತು ಮಾತಾಡಲು ಏನು ಅಡ್ಡಿ? ಖುತ್ಬಾದಲ್ಲಿ ಖಲೀಫ ಉಮರ್(ರ)ರ ತಪ್ಪು ತೋರಿಸಿದ ಮಹಿಳೆಯ ಕಥೆ ಹೇಳಿ ಹೆಮ್ಮೆಪಡುತ್ತೇವೆ. ಬುಧವಾರ ಹತ್ತೂವರೆಗೆ ಮನೆಯ ಮಹಿಳೆ ಹೊರಟರೆ ಮಧ್ಯಾಹ್ನದ ಗಂಜಿಗೆ ಏನು ಮಾಡುವುದು ಎಂದು ಕೇಳುತ್ತೇವೆ. ಒಂದು ದಿನ ಗಂಜಿ ತಡವಾಗಲಿ.

ಮಕ್ಕಳೇ, ನಿಮ್ಮ ಮಾತಿಗೆ ಬಂದೆ. ರಜೆಯಲ್ಲಿ ಹೊಳೆಗೆ ಹೋಗಬಾರದು ಎಂದು ಹೇಳಿದರೆ ನೀವು ಹೋಗುತ್ತೀರಿ, ನಮಗೆ ಹೇಳದೆ ಹೋಗುತ್ತೀರಿ. ನಾನೂ ಹೋಗಿದ್ದೆ. ಗೇರುಬೀಜ ಹೆಕ್ಕಿ ಮಾರಿದ ದುಡ್ಡಿನಲ್ಲಿ ಐಸ್‌ಕ್ಯಾಂಡಿ ತಿಂದು, ಹೊಳೆಗೆ ಹಾರಿ, ತಲೆ ಒಣಗಿಸಿಕೊಂಡು ಮನೆಗೆ ಹೋಗಿ ಉಮ್ಮನಿಗೆ ಸುಳ್ಳು ಹೇಳಿದವನೇ. ಆದರೆ ನನ್ನ ಕಾಲದ ಹೊಳೆಯ ತಳ ನಮಗೆ ಗೊತ್ತಿತ್ತು. ಕಯ ಎಲ್ಲಿ, ಬಂಡೆ ಎಲ್ಲಿ, ಹಿರಿಯ ಹುಡುಗರು ತೋರಿಸಿಕೊಟ್ಟಿದ್ದರು. ಈಗಿನ ಹೊಳೆಯ ತಳ ಪ್ರತಿ ವರ್ಷ ಬೇರೆ. ಕಳೆದ ರಜೆಯಲ್ಲಿ ನಿಂತ ಜಾಗದಲ್ಲಿ ಈ ರಜೆಯಲ್ಲಿ ಎರಡಾಳು ಆಳವಿರಬಹುದು. ಅದಕ್ಕೆ ಹೇಳುವುದು: ಒಬ್ಬರೇ ಬೇಡ, ಮಕ್ಕಳೇ ಸೇರಿಕೊಂಡೂ ಬೇಡ. ಈಜು ಬರುವ ದೊಡ್ಡವರೊಬ್ಬರು ದಡದಲ್ಲಿ ಇರಬೇಕು, ಮೊಬೈಲ್ ನೋಡದೆ ಇರಬೇಕು.

ಒಂದು ಮಾತನ್ನು ಇಲ್ಲಿರುವ ಪ್ರತಿ ಮಗುವೂ ಇವತ್ತು ಕಲಿತು ಹೋಗಬೇಕು. ಗೆಳೆಯ ಮುಳುಗುತ್ತಿದ್ದರೆ ನೀರಿಗೆ ಹಾರಬೇಡಿ. ಮುಳುಗುವವನು ಕೈಗೆ ಸಿಕ್ಕಿದ್ದನ್ನು ಬಿಡುವುದಿಲ್ಲ, ನಿಮ್ಮ ಕುತ್ತಿಗೆ ಸಿಕ್ಕಿದರೆ ಕುತ್ತಿಗೆಯನ್ನೇ ಹಿಡಿಯುತ್ತಾನೆ. ಮೊದಲು ಕೂಗಿ. ದಡದಲ್ಲಿ ಮಲಗಿ ಉದ್ದ ಕೋಲು ಚಾಚಿ. ಕೋಲು ಇಲ್ಲದಿದ್ದರೆ ನಿಮ್ಮ ಲುಂಗಿ, ಶರ್ಟು, ಹಗ್ಗ ಎಸೆಯಿರಿ. ಮುಚ್ಚಳ ಹಾಕಿದ ಖಾಲಿ ಕ್ಯಾನ್ ಎಸೆದರೂ ಅದನ್ನು ಹಿಡಿದು ತೇಲಬಹುದು. ಒಬ್ಬ 112ಕ್ಕೆ ಫೋನ್ ಮಾಡಲಿ. ಆಂಬ್ಯುಲೆನ್ಸಿಗೆ 108. ನಮ್ಮ ಆ ದೊಡ್ಡ ಹುಡುಗನಿಗೆ ಧೈರ್ಯ ಕಡಿಮೆ ಇರಲಿಲ್ಲ. ಒಬ್ಬರ ಜೀವ ಉಳಿಸಿದವನು ಎಲ್ಲ ಮನುಷ್ಯರ ಜೀವ ಉಳಿಸಿದವನಂತೆ ಎಂಬ ಅಲ್‌ಮಾಇದ ಅಧ್ಯಾಯದ ಮಾತನ್ನು ಅವನು ಮದ್ರಸದಲ್ಲಿ ನನ್ನ ಬಳಿಯೇ ಕಲಿತಿದ್ದ. ಜೀವ ಉಳಿಸುವುದು ಹೇಗೆ ಎಂದು ನಾನು ಕಲಿಸಿರಲಿಲ್ಲ.

ದೊಡ್ಡವರಿಗೂ ಒಂದು ಮಾತು. ನೀರಿನಿಂದ ಎತ್ತಿದ ಮಗುವನ್ನು ತಲೆಕೆಳಗೆ ಹಿಡಿದು ತಿರುಗಿಸುವುದು, ಹೊಟ್ಟೆ ಒತ್ತಿ ನೀರು ತೆಗೆಯುವುದು ನಮ್ಮಲ್ಲಿ ಹಿಂದಿನಿಂದ ಬಂದ ಕ್ರಮ. ಅದರಲ್ಲಿ ಅಮೂಲ್ಯ ನಿಮಿಷಗಳು ಹೋಗುತ್ತವೆ. ಉಸಿರು ಇಲ್ಲದಿದ್ದರೆ ಕೂಡಲೇ ಬಾಯಿಗೆ ಬಾಯಿ ಇಟ್ಟು ಉಸಿರು ಕೊಡಬೇಕು, ಎದೆಯ ನಡುವೆ ಒತ್ತಬೇಕು, ಆಂಬ್ಯುಲೆನ್ಸ್ ಬರುವವರೆಗೆ ಬಿಡಬಾರದು. ಇದನ್ನು ಬಾಯಲ್ಲಿ ಹೇಳಿ ಕಲಿಸಲು ಬರುವುದಿಲ್ಲ. ಪ್ರಾಥಮಿಕ ಆರೋಗ್ಯ ಕೇಂದ್ರದವರು ಬರುವ ಭಾನುವಾರ ಮದ್ರಸದ ಹಾಲಿನಲ್ಲಿ ಗೊಂಬೆ ಇಟ್ಟು ತೋರಿಸಲು ಒಪ್ಪಿದ್ದಾರೆ. ಆಚೆ ದರೆಯ ಮನೆಗಳಿಗೂ ಹೇಳಿದೆ. ಮದ್ರಸಕ್ಕೆ ಬರಲು ಸಂಕೋಚವಾದರೆ ಎಂದು ಕೇಳಿದರು, ಹಾಗಾದರೆ ಶಾಲೆಯ ಜಗಲಿಯಲ್ಲೇ ಮಾಡೋಣ ಎಂದೆ. ಜಾಗ ಶನಿವಾರ ತಿಳಿಸುತ್ತೇವೆ.

ಪ್ರಪಂಚದಲ್ಲಿ ವರ್ಷಕ್ಕೆ ಸುಮಾರು 3 ಲಕ್ಷ ಜನ ನೀರಿನಲ್ಲಿ ಮುಳುಗಿ ಸಾಯುತ್ತಾರೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅವರಲ್ಲಿ ಹೆಚ್ಚಿನವರು ಮಕ್ಕಳು ಮತ್ತು ಹರೆಯದವರು. ಮಕ್ಕಳಿಗೆ ಈಜು ಕಲಿಸಿ ಎಂಬ ಮಾತು ಹ. ಉಮರ್(ರ)ರದ್ದೆಂದು ಎಲ್ಲರೂ ಹೇಳುತ್ತಾರೆ. ಹೊಳೆಯ ದಡದಲ್ಲಿ ತಲೆಮಾರುಗಳಿಂದ ಇರುವ ಮೊಹಲ್ಲಾದಲ್ಲಿ ಅರ್ಧ ಮಕ್ಕಳಿಗೆ ಈಜು ಬರುವುದಿಲ್ಲ ಎಂದರೆ ಏನು ಹೇಳುವುದು? ದೋಣಿಯ ಅಜ್ಜನ ಬಳಿ ಹೋಗಿ ಕೇಳಿದೆ. ಅವರಿಗೆ ವಯಸ್ಸಾಗಿದೆ, ಇನ್ನು ನೀರಿಗೆ ಇಳಿಯುವುದಿಲ್ಲ. ಆದರೆ ಅವರ ಮಗ, ಮಂಗಳೂರಿನಲ್ಲಿ ಕೆಲಸ ಮಾಡುವವರು, ಮೇ ತಿಂಗಳಲ್ಲಿ ಹದಿನೈದು ದಿನ ರಜೆ ಹಾಕಿ ಬರುತ್ತಾರೆ. ಬೆಳಿಗ್ಗೆ ಮದ್ರಸ ಬಿಟ್ಟ ಮೇಲೆ, ಅಣೆಕಟ್ಟಿನಿಂದ ದೂರ, ಮೇಲಿನ ಕಡವಿನಲ್ಲಿ ಕಲಿಸುತ್ತಾರೆ. ಅಜ್ಜ ದಡದಲ್ಲಿ ಕುಳಿತಿರುತ್ತಾರೆ. "ಆ ಇಬ್ಬರನ್ನು ಎತ್ತಿದ ಮೇಲೆ ನನಗೂ ಸರಿ ನಿದ್ದೆ ಇಲ್ಲ ಉಸ್ತಾದ್ರೇ" ಎಂದರು. ಹಣ ಕೊಡುತ್ತೇವೆ ಎಂದದ್ದಕ್ಕೆ ಅಜ್ಜ ಬೈದರು. ಹಲಸು ಕೊಡಿ, ಮಾವು ಕೊಡಿ, ಬೈಗುಳ ತಿನ್ನಬೇಡಿ.

ಉಳಿದ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಪಂಚಾಯತಿನ ಗ್ರಂಥಾಲಯ, ಅರಿವು ಕೇಂದ್ರ, ರಜೆಯಲ್ಲೂ ತೆರೆದಿರುತ್ತದೆ. ಮಕ್ಕಳಿಗೆ ಚೆಸ್, ಕೇರಂ, ಕಥೆ ಪುಸ್ತಕ ಇದೆ. ಮೊನ್ನೆ ಹೋಗಿ ನೋಡಿದೆ, ಇಡೀ ಮಧ್ಯಾಹ್ನ ನಮ್ಮ ಮೊಹಲ್ಲಾದ ಒಂದೇ ಹುಡುಗಿ ಇದ್ದಳು. ಫ್ಯಾನ್ ಇದೆ ಎಂಬ ಕಾರಣಕ್ಕಾದರೂ ಹೋಗಿ. ಎಸ್‌ಎಸ್‌ಎಲ್‌ಸಿ ಫಲಿತಾಂಶ ರಜೆಯಲ್ಲೇ ಬರುತ್ತದೆ. ಪಾಸಾದವರ ಮನೆಗೆ ಮಿಠಾಯಿ ಕೊಡಲು ಎಲ್ಲರೂ ಹೋಗುತ್ತಾರೆ, ಫೇಲಾದವರ ಮನೆಗೆ ನಾನು ಹೋಗುತ್ತೇನೆ, ನನ್ನೊಟ್ಟಿಗೆ ಇಬ್ಬರು ಶಿಕ್ಷಕರು ಬರುತ್ತಾರೆ. ಮತ್ತೆ ಬರೆಯುವ ಅವಕಾಶವಿದೆ, ಶುಲ್ಕ ಕಟ್ಟುವ ಕೊನೆ ದಿನ ತಪ್ಪಿಸಬೇಡಿ. ಆ ಮಗುವಿಗೆ ಬೈಯುವ ಕೆಲಸವನ್ನು ಒಂದು ವಾರ ಮುಂದೂಡಿ.

ಬೈಕಿನ ವಿಷಯ. ಊರಿಗೆ ಬಂದ ಮಾವ, ಚಿಕ್ಕಪ್ಪ ಪ್ರೀತಿಯಿಂದ ಹುಡುಗರಿಗೆ ಬೈಕ್ ಕೀ ಕೊಡುತ್ತಾರೆ. 2019ರ ತಿದ್ದುಪಡಿಯ ನಂತರ ಅಪ್ರಾಪ್ತರು ವಾಹನ ಓಡಿಸಿ ಅಪರಾಧವಾದರೆ ಪೋಷಕರು ಅಥವಾ ವಾಹನದ ಮಾಲೀಕರು ಹೊಣೆ. 25 ಸಾವಿರ ದಂಡ, 3 ವರ್ಷದವರೆಗೆ ಜೈಲು, ಒಂದು ವರ್ಷ ನೋಂದಣಿ ರದ್ದು. ಆ ಹುಡುಗನಿಗೆ 25 ವರ್ಷವಾಗುವವರೆಗೆ ಲೈಸೆನ್ಸ್ ಇಲ್ಲ. ದಂಡ ಕಟ್ಟಬಹುದು. ಆಸ್ಪತ್ರೆಯ ಎದುರು ಬೆಳಗಾಗುವವರೆಗೆ ನಿಂತವರಿಗೆ ಉಳಿದದ್ದು ಗೊತ್ತು.

ಮೇ ಕೊನೆಗೆ ಮಳೆಯ ಮೊದಲ ಹನಿ ಬೀಳುವ ಮುನ್ನ ಚರಂಡಿ ಬಿಡಿಸುವ ಕೆಲಸ. ಡೆಂಗಿ ಸೊಳ್ಳೆ ಕೊಳಚೆಯಲ್ಲಿ ಮೊಟ್ಟೆ ಇಡುವುದಿಲ್ಲ, ಒಳ್ಳೆಯ ನೀರಿನಲ್ಲಿ ಇಡುತ್ತದೆ. ತೋಟದಲ್ಲಿ ಬಿದ್ದ ಅಡಿಕೆ ಹಾಳೆ, ರಬ್ಬರಿನ ಚಿಪ್ಪು, ಬೊಂಡದ ಸಿಪ್ಪೆ, ನೀರು ಹಿಡಿದಿಟ್ಟ ಡ್ರಮ್ಮು. 2019ರಲ್ಲಿ ಮಂಗಳೂರು ಪಟ್ಟ ಪಾಡು ನೆನಪಿರಲಿ. ಮೇ ಮೂರನೇ ಭಾನುವಾರ ಮಸೀದಿಯಿಂದ ಭಜನಾ ಮಂದಿರದವರೆಗೆ ರಸ್ತೆಯ ಎರಡೂ ಬದಿ. ಅವರು ಆ ಕಡೆಯಿಂದ ಬರುತ್ತಾರೆ, ನಾವು ಈ ಕಡೆಯಿಂದ. ಎಲ್ಲಿ ಸೇರುತ್ತೇವೋ ಅಲ್ಲಿ ಚಾ. ಕಳೆದ ವರ್ಷ ಅವರು ನಮ್ಮ ಅರ್ಧವನ್ನೂ ಮುಗಿಸಿ ಬಂದಿದ್ದರು, ನಾವು ಚಾದ ಹತ್ತಿರವೇ ಇದ್ದೆವು. ಈ ವರ್ಷ ಹಾಗಾಗುವುದು ಬೇಡ.

ಕೊನೆಗೆ ಆ ಬೋರ್ಡಿನ ಮಾತು. ಮಕ್ಕಳು ಹೋದ ಮೇಲೆ ಹದಿನೈದು ದಿನಕ್ಕೆ ಒಂದು ತಗಡಿನ ಬೋರ್ಡ್ ಬಂತು. ಆ ಮಳೆಗಾಲದ ನೆರೆಗೆ ಹೋಯಿತು. ಆಮೇಲೆ ಹಾಕಿಲ್ಲ, ನಾವು ಕೇಳಿಲ್ಲ. ಈ ಸಲ ಬರೆದು ಕೊಡುವ ಅರ್ಜಿ ತಯಾರಾಗಿದೆ. ನೆರೆ ನೀರು ಮುಟ್ಟದ ಎತ್ತರದಲ್ಲಿ ಕಬ್ಬಿಣದ ಕಂಬಕ್ಕೆ ಬೋರ್ಡ್, ಗುಂಡಿಯ ಮೇಲ್ಭಾಗಕ್ಕೆ ಅಡ್ಡ ಹಗ್ಗ, ದಡದಲ್ಲಿ ಒಂದು ಪೆಟ್ಟಿಗೆಯಲ್ಲಿ ಎರಡು ಲೈಫ್ ಜಾಕೆಟ್ ಮತ್ತು ಎಸೆಯುವ ಹಗ್ಗ, ಕಡವಿನ ದಾರಿಗೆ ಒಂದು ದೀಪ. ಅರ್ಜಿಯಲ್ಲಿ ಮೊದಲ ಸಹಿ ಬಟ್ಟೆ ಒಗೆಯುವ ಆ ಅಕ್ಕನದ್ದು. ನಿನ್ನೆ ಅವರ ಮನೆಗೆ ಹೋಗಿ ಹಾಕಿಸಿಕೊಂಡು ಬಂದೆ. ಎರಡನೆಯ ಸಹಿ ಆ ಎರಡು ಮನೆಗಳಲ್ಲಿ ಒಂದು ಮನೆಯ ತಾಯಿಯದ್ದು, "ಜೋರಾಗಿ ಓದಿ" ಎಂದವರದ್ದು. ಮೂರನೆಯದು ನನ್ನದು.

ಕಾಗದ ಬಾಗಿಲ ಬಳಿಯ ಮೇಜಿನ ಮೇಲಿದೆ, ಪೆನ್ನೂ ಇದೆ. ನಮಾಝ್ ಮುಗಿದ ಮೇಲೆ ಮತದಾರರ ಪಟ್ಟಿಯಲ್ಲಿ ಹೆಸರಿರುವವರು ಸಹಿ ಮಾಡಿ, ಮನೆಯ ಮಹಿಳೆಯರ ಸಹಿಗೆ ಒಂದು ಹಾಳೆ ತೆಗೆದುಕೊಂಡು ಹೋಗಿ. ಮಕ್ಕಳು ಈಜಿನ ಹೆಸರನ್ನು ಮುಅದ್ದಿನರ ಬಳಿ ಬರೆಸಿ, ಬಾಪನನ್ನು ಕರೆದುಕೊಂಡು ಬಂದು ಬರೆಸಿ. ಸಫ್ಪುಗಳನ್ನು ನೇರ ಮಾಡಿಕೊಳ್ಳಿ.